ಮುಗಿಯಬಾರದಿದ್ದ ಪಿಸ್ತೂಲು

ಡೆಲ್ಮಸ್ ಫುಗೇಟನ ಹೆಂಡತಿ ಇಮೋಜಿನ್ ತೀರಿಕೊಂಡ ವಾರವೇ ಆರ್ವಲ್ ಸ್ಟಿಡಮ್ ತನ್ನ ಟ್ರಕ್ಕು ತೆಗೆದುಕೊಂಡು ಹೋಗಿ ಅವನ ಮನೆಯ ಬಂದೂಕುಗಳನ್ನೆಲ್ಲ ಹೇರಿಕೊಂಡು ಬಂದ. "ಎಲ್ಲಾ ಒಣಗಿ ಹೋಗಿವೆ ಕಣೋ, ಎಣ್ಣೆ ಹಾಕಿ ತಂದ್ಕೊಡ್ತೀನಿ" ಎಂದ. ಡೆಲ್ಮಸ್ ತಾನೇ ಒಂದೊಂದನ್ನೂ ಕಂಬಳಿಯಲ್ಲಿ ಸುತ್ತಿ ಟ್ರಕ್ಕಿಗೆ ಇಟ್ಟ. ಎಣ್ಣೆಯ ಮಾತು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಕೆಂಟಕಿಯ ಈ ಕಲ್ಲಿದ್ದಲ ಬೆಟ್ಟಗಳಲ್ಲಿ ಅದು ಹಾಗೇ ನಡೆಯುವುದು. ಮನಸ್ಸು ಮುರಿದವನ ಮನೆಯಲ್ಲಿ ಬಂದೂಕು ಇರಬಾರದು, ಇರಬಾರದೆಂದು ಅವನ ಮುಖಕ್ಕೆ ಹೇಳಲೂಬಾರದು. ಎಣ್ಣೆ ಹಾಕುತ್ತೇನೆ, ಹಿಡಿ ಸಡಿಲವಾಗಿದೆ, ಮೊಮ್ಮಗನಿಗೆ ತೋರಿಸಬೇಕು, ಏನೋ ಒಂದು ನೆಪ. ಸಾವು ಅನ್ನುವ ಮಾತೊಂದನ್ನು ಬಿಟ್ಟು ಗಂಡಸರು ಮಿಕ್ಕಿದ್ದೆಲ್ಲ ಆಡುತ್ತಾರೆ. ಅದೇನು ಹಾಳು ಮರ್ಯಾದೆಯೋ, ಬೆಂಕಿ ಬಿದ್ದ ಮನೆಯ ಮುಂದೆ ನಿಂತು ಹವಾಮಾನ ಮಾತಾಡುವಂಥ ಮರ್ಯಾದೆ.

ಆರ್ವಲ್ ಮೂವತ್ತು ವರ್ಷ ಗಣಿಯಲ್ಲಿ ಡೆಲ್ಮಸ್‌ನ ಪಕ್ಕದಲ್ಲೇ ದುಡಿದವನು. ನಿವೃತ್ತನಾದ ಮೇಲೆ ಹಿತ್ತಲ ಶೆಡ್ಡಿನಲ್ಲಿ ಊರವರ ಬಂದೂಕು ರಿಪೇರಿ ಮಾಡುತ್ತಿದ್ದ. ಒಂದು ದಿನ ಡೆಲ್ಮಸ್ ಆ ಶೆಡ್ಡಿನ ಬಾಗಿಲಿಗೆ ಬಂದು, ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಪಿಸ್ತೂಲೊಂದನ್ನು ಬೆಂಚಿನ ಮೇಲಿಟ್ಟ. ಪಿಸ್ತೂಲು ಅನ್ನುವುದಕ್ಕಿಂತ ತುಕ್ಕಿನ ಹೆಂಟೆ ಅನ್ನಬೇಕು. ಯಾರದೋ ಮನೆಯ ನೆಲಮಾಳಿಗೆಯ ನೀರಲ್ಲಿ ಬಿದ್ದಿದ್ದಿರಬೇಕು. ಅದರ ಕುದುರೆ, ಅಂದರೆ ಟ್ರಿಗರು, ಎಷ್ಟು ಜಗ್ಗಿದರೂ ಅಲುಗುತ್ತಿರಲಿಲ್ಲ.

"ಇದನ್ನ ಮೊದಲಿನ ಹಾಗೆ ಮಾಡೋಕಾಗುತ್ತಾ?"

"ಆಗ್ದೆ ಏನು? ಆದ್ರೆ ನಾನು ಮಾಡಲ್ಲ. ನೀನೇ ಮಾಡ್ಬೇಕು, ಇಲ್ಲೇ ಕೂತು. ಪಿಸ್ತೂಲು ಈ ಶೆಡ್ಡು ಬಿಟ್ಟು ಹೋಗೋ ಹಾಗಿಲ್ಲ."

ಡೆಲ್ಮಸ್ ಒಪ್ಪಿದ. ಆರ್ವಲ್‌ಗೆ ಒಳಗೊಳಗೇ ಖುಷಿ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ವೆರ್ನಾಗೆ ಹೇಳಿದರೆ ಅವಳು ಕೈಯಲ್ಲಿದ್ದ ಜೋಳದ ರೊಟ್ಟಿ ಕೆಳಗಿಟ್ಟಳು.

"ತೂಕಡಿಸೋನಿಗೆ ಹಾಸಿಗೆ ಹಾಸಿಕೊಟ್ಟ ಹಾಗಾಯ್ತು. ಬುದ್ಧಿ ಇದೆಯಾ ಮುದುಕ ನಿಂಗೆ?"

"ಅದು ಬರೀ ಕಬ್ಬಿಣದ ಚೂರು ಕಣೇ. ಒಳಗಿನ ಪಿನ್ನು ಮುರಿದಿದೆ. ಅದಿಲ್ದೆ ಗುಂಡು ಹಾರಲ್ಲ. ಹೊಸದು ನಾನು ಕೊಟ್ರೆ ತಾನೇ?"

"ಅವನಿಗೆ ಮಾತಾಡೋಕೆ ಜನ ಬೇಕು. ನೀನು ಪಿಸ್ತೂಲು ಕೊಡ್ತಿದ್ದೀಯ."

"ಕೈಗೆ ಕೆಲಸ ಇದ್ರೆ ಮನಸ್ಸು ತಾನಾಗೇ ಸರಿಹೋಗುತ್ತೆ."

ಅಪ್ಪ ಸತ್ತಾಗ ಆರ್ವಲ್ ಮಾಡಿದ್ದೂ ಅದನ್ನೇ. ಅಪ್ಪನ ಬಂದೂಕು ಬಿಚ್ಚಿ, ತೊಳೆದು, ಕಟ್ಟಿ, ಮತ್ತೆ ಬಿಚ್ಚಿ ದುಃಖ ಕಳೆದಿದ್ದ. ಇಲ್ಲಿ ಬಂದೂಕೇ ಔಷಧಿ, ಬಂದೂಕೇ ವಿಷ. ಯಾವ ಬಾಟಲಿ ಯಾವುದೆಂದು ಮೇಲೆ ಬರೆದಿರುವುದಿಲ್ಲ.

ಕೆಲಸ ಶುರುವಾಯಿತು. ಸೀಮೆಎಣ್ಣೆಯಲ್ಲಿ ನೆನೆಹಾಕಿದರು, ಬಿಗಿದುಕೊಂಡ ಭಾಗಗಳನ್ನು ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದರು. ತುಕ್ಕು ತಿಂದ ಗುಳಿಗಳನ್ನು ಡೆಲ್ಮಸ್ ಅರದಿಂದ, ಆಮೇಲೆ ಉಪ್ಪುಕಾಗದದಿಂದ ತಿಕ್ಕಿದ. ಗಣಿಯ ಕಪ್ಪು ಕೂತ ಆ ದಪ್ಪ ಬೆರಳುಗಳು ಅಷ್ಟು ನಾಜೂಕಾಗಿ ಓಡಾಡುವುದನ್ನು ಕಂಡು ಆರ್ವಲ್ ಬೆರಗಾದ. ಮೊದಲು ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಬರಬರುತ್ತಾ ವೆರ್ನಾ ಕಳಿಸಿದ ಬೀನ್ಸಿನ ಬಟ್ಟಲು ಖಾಲಿಯಾಗತೊಡಗಿತು. ಒಂದು ದಿನ ಡೆಲ್ಮಸ್ ಜೋಕೂ ಹೊಡೆದ.

"ಇಮೋಜಿನ್ ನೋಡಿದ್ರೆ ಹೇಳ್ತಿದ್ಳು, ಮನೆ ಪಾತ್ರೆ ಒಂದಿನ ಹೀಗೆ ಉಜ್ಜಿದ್ಯೇನೋ ಅಂತ."

ಇಬ್ಬರೂ ನಕ್ಕರು. ಆರ್ವಲ್ ಅದನ್ನು ಚರ್ಚಿನಲ್ಲಿ ಪಾದ್ರಿಗೂ ಹೇಳಿದ, ಪೆಟ್ರೋಲ್ ಬಂಕಿನಲ್ಲೂ ಹೇಳಿದ. ಡೆಲ್ಮಸ್ ಗೆದ್ದ ಎಂದು ಊರೆಲ್ಲ ಅಂದುಕೊಂಡಿತು. ವೆರ್ನಾ ಮಾತ್ರ ನಂಬಲಿಲ್ಲ.

ಆಮೇಲೆ ಬಣ್ಣ ಕೊಡುವ ಕೆಲಸ. ಹಳಬರ ಪದ್ಧತಿಯಲ್ಲಿ ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುತ್ತಾರೆ. ಉಜ್ಜಿ ಬೆಳ್ಳಗಾದ ಉಕ್ಕಿಗೆ ಔಷಧಿ ಸವರಿ ಬೇಕೆಂದೇ ತೆಳ್ಳಗೆ ತುಕ್ಕು ಬರಿಸುವುದು, ನೀರಲ್ಲಿ ಕುದಿಸುವುದು, ಕುದಿದಾಗ ಕೆಂಪು ತುಕ್ಕು ಕಪ್ಪಾಗುತ್ತದೆ, ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಮತ್ತೆ ಔಷಧಿ ಸವರುವುದು. ಪದರದ ಮೇಲೆ ಪದರ ಕೂತು ಕೊನೆಗೆ ನೀಲಿಗಪ್ಪು ನಿಲ್ಲುತ್ತದೆ. ಅಂಥ ಉಕ್ಕಿಗೆ ಮುಂದೆ ತುಕ್ಕು ಸುಲಭವಾಗಿ ಹಿಡಿಯುವುದಿಲ್ಲ. ಒಂದೇ ಕಟ್ಟುನಿಟ್ಟು, ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ.

ಐದಾರು ಪದರ ಕೂತ ಮೇಲೆ ಒಂದು ಸಂಜೆ ಡೆಲ್ಮಸ್ ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇನ್ನೇನು ಮುಗೀತಾ ಬಂತು, ಅಲ್ವಾ?" ಎಂದ. ಅವನ ದನಿಯಲ್ಲಿ ಸಂತೋಷದ ಸುಳಿವೂ ಇರಲಿಲ್ಲ. ಸಾಲು ಮುಂದೆ ಸರಿದಾಗ ತನ್ನ ಸರದಿ ಬಂತೆಂದು ಹೇಳುವವನ ದನಿ. ಮುಗಿದ ಮೇಲೆ ಏನು ಎಂಬುದನ್ನು ತಾನು ಯೋಚಿಸಿಯೇ ಇರಲಿಲ್ಲವಲ್ಲ ಎಂದು ಆರ್ವಲ್‌ಗೆ ಆಗ ಹೊಳೆಯಿತು.

"ಎಲ್ಲಿ ಮುಗೀತು? ಇಲ್ನೋಡು, ಹಿಡಿ ಹತ್ರ ತೆಳುವಾಗಿದೆ. ಇನ್ನೊಂದು ಕೈ ಹಾಕೋಣ."

ಅವತ್ತಿನಿಂದ ಆರ್ವಲ್ ಕಳ್ಳನಾದ. ಡೆಲ್ಮಸ್ ಹೋದ ಮೇಲೆ ಕೈಗವಸು ತೆಗೆದು ನಿರ್ಮಲವಾದ ಉಕ್ಕಿನ ಮೇಲೆ ತಾನೇ ಹೆಬ್ಬೆರಳು ಒತ್ತುತ್ತಿದ್ದ. ಮುಂದಿನ ಸಲ ಕುದಿಸಿದಾಗ ಅಲ್ಲಿ ಬೋಳು ಕಲೆ. "ಛೇ, ನೋಡು, ಮತ್ತೆ ಉಜ್ಜಬೇಕು." ಇಡೀ ಜೀವಮಾನದಲ್ಲಿ ಒಂದು ಕೆಲಸವನ್ನೂ ಬೇಕೆಂದು ಕೆಡಿಸಿದವನಲ್ಲ. ನಾಚಿಕೆಯಾಗುತ್ತಿತ್ತು, ಆದರೂ ಒತ್ತುತ್ತಿದ್ದ. ಕೆಲವು ಸಲ ತಾನು ಮುಟ್ಟದ ಜಾಗದಲ್ಲೂ ಕಲೆ ಏಳುತ್ತಿತ್ತು. ವಯಸ್ಸಾಯಿತು, ಎಲ್ಲಿ ಒತ್ತಿದೆನೋ ನೆನಪಿಲ್ಲ ಎಂದುಕೊಂಡ.

ಎಷ್ಟು ಕೆಡಿಸಿದರೂ ಉಕ್ಕು ಕಪ್ಪಾಗುತ್ತಲೇ ಹೋಯಿತು. ಮರಗಳ ಎಲೆ ಉದುರುವ ಹೊತ್ತಿಗೆ ಪಿಸ್ತೂಲು ಹೇಗಾಗಿತ್ತೆಂದರೆ, ಆರ್ವಲ್‌ನ ಕೈಯಿಂದ ಅಂಥ ಬಣ್ಣ ಹಿಂದೆಂದೂ ಬಂದಿರಲಿಲ್ಲ.

ಆ ದಿನ ಡೆಲ್ಮಸ್ ಬಂದು ಜೇಬಿನಿಂದ ಪುಟ್ಟ ಕಾಗದದ ಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟ. ಒಳಗೆ ಹೊಸ ಪಿನ್ನು.

"ಅಂಚೇಲಿ ತರಿಸ್ದೆ. ನಾನೇ ಮಾಡ್ಕೊಡ್ತೀನಿ ಅಂತ ನೀನು ಹೇಳ್ತಾನೇ ಇದ್ದೆ, ಮಾಡ್ಲಿಲ್ಲ."

"ಇವತ್ತು ಬೇಡ ಕಣೋ."

"ಯಾಕೆ ಬೇಡ? ಪಿಸ್ತೂಲು ನಂದು, ಆರ್ವಲ್. ನನ್ನ ಬಂದೂಕುಗಳೂ ನನ್ನವೇ. ಕೇಳಿದ ದಿನ ವಾಪಸ್ ಕೊಡ್ಬೇಕು, ಅದು ನಿಂಗೂ ಗೊತ್ತು. ನಾನು ಕೇಳ್ತಿದ್ದೀನಿ."

ಅದೂ ಇಲ್ಲಿಯ ಪದ್ಧತಿಯೇ. ಇಟ್ಟುಕೊಂಡವನು ಕೇಳಿದಾಗ ಕೊಡಬೇಕು. ಕೊಡದವನನ್ನು ಕಳ್ಳನೆನ್ನುತ್ತಾರೆ. ಆರ್ವಲ್‌ಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಎಣ್ಣೆ, ಪದರ, ಕಲೆ, ಯಾವ ನೆಪವೂ ಉಳಿದಿರಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತ.

"ಡೆಲ್ಮಸ್, ನೀನು ಸಾಯ್ಬೇಕು ಅಂತಿದ್ದೀಯಾ?"

ಡೆಲ್ಮಸ್ ತಲೆಯೆತ್ತಿ ನೋಡಿದ. ಇಷ್ಟು ತಿಂಗಳಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಕೇಳಿರಲಿಲ್ಲ.

"ಹೂಂ."

"ಯಾವಾಗಿಂದ?"

"ಇದನ್ನ ತಂದ ದಿನದಿಂದ. ಅದಕ್ಕೇ ತಂದಿದ್ದು." ಅವನು ಕೈಗಳನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡ. "ಆದ್ರೆ ಇಲ್ಲಿ ಕೂತು ಉಜ್ಜೋವಾಗ ಮರ್ತೋಗ್ತಿತ್ತು. ಅದಕ್ಕೆ ಮುಗೀಬಾರ್ದು ಅಂತ ನಾನೂ ಬೆರಳು ಒತ್ತಿ ಬರ್ತಿದ್ದೆ. ನೀನು ಆ ಕಡೆ ತಿರುಗಿದಾಗ."

"ನೀನೂನಾ?"

"ನೀನು ಒತ್ತೋದೂ ಗೊತ್ತಿತ್ತು. ನಿನ್ನ ಹೆಬ್ಬೆರಳು ನಂದರ ಎರಡರಷ್ಟಿದೆ."

ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು. ಇಬ್ಬರು ಮುದುಕರು ಒಬ್ಬರಿಗೊಬ್ಬರು ಕಾಣದಂತೆ ಒಂದೇ ಕೆಲಸವನ್ನು ಕೆಡಿಸುತ್ತಾ ಕೂತಿದ್ದರು, ಬಾಯಿಬಿಟ್ಟು ಒಂದು ಮಾತು ಆಡಲಾರದೆ.

"ಹಾಗಾದ್ರೆ ಈ ಪಿನ್ನು ಯಾಕೆ ತರಿಸ್ದೆ?"

"ಒಂದು ಕೈ ಕೆಡಿಸ್ತಿತ್ತು, ಇನ್ನೊಂದು ಕೈ ತರಿಸ್ತಿತ್ತು. ಯಾವುದು ನನ್ನ ಕೈ ಅಂತ ನಂಗೇ ಗೊತ್ತಿಲ್ಲ ಮಾರಾಯ. ಸಾಕಾಗಿದೆ."

ಆರ್ವಲ್ ಎದ್ದ. ಪಿಸ್ತೂಲನ್ನು ಬರಿಗೈಯಲ್ಲೇ ತೆಗೆದು ಬೆಂಚಿಗೆ ಜೋಡಿಸಿದ್ದ ವೈಸಿನ ದವಡೆಗೆ ಸಿಕ್ಕಿಸಿ ಬಿಗಿದ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಗರಗಸ ತೆಗೆದುಕೊಂಡು ನಡುವಿಗೆ ಇಟ್ಟು ಎಳೆದ. ಮೊದಲ ಎಳೆತಕ್ಕೇ ನೀಲಿಗಪ್ಪಿನ ಮೇಲೆ ಬೆಳ್ಳನೆ ಗೀರು ಬಿತ್ತು. ಹಳೇ ಉಕ್ಕು, ಗಟ್ಟಿ. ಗರಗಸದ ಹಲ್ಲು ಮುರಿದು ಬ್ಲೇಡು ಬದಲಾಯಿಸಬೇಕಾಯಿತು. ಗಣಿಧೂಳು ತುಂಬಿದ ಎದೆ, ನಾಲ್ಕು ಸಲ ಎಳೆದರೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಡೆಲ್ಮಸ್ ತಡೆಯಲಿಲ್ಲ, ನೆರವಿಗೂ ಬರಲಿಲ್ಲ. ಕೊನೆಗೆ ಪಿಸ್ತೂಲು ಎರಡು ತುಂಡಾಗಿ ಒಂದು ಕೆಳಗೆ ಬಿತ್ತು.

ಡೆಲ್ಮಸ್ ಬಗ್ಗಿ ಆ ತುಂಡನ್ನು ಎತ್ತಿಕೊಂಡ. "ಎಷ್ಟು ಚೆನ್ನಾಗಿ ಬಂದಿತ್ತು" ಎಂದ. ಆಮೇಲೆ ಅಳತೊಡಗಿದ. ಇಮೋಜಿನ್‌ಳ ಶವಪೆಟ್ಟಿಗೆ ಇಳಿಸುವಾಗಲೂ ಅಳದೆ ನಿಂತಿದ್ದ ಮನುಷ್ಯ ತುಂಡು ಪಿಸ್ತೂಲನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಆರ್ವಲ್ ಅವನ ಹೆಗಲ ಮೇಲೆ ಕೈಯಿಟ್ಟ. ಈ ಅಳು ಒಳ್ಳೆಯದೋ ಕೆಟ್ಟದೋ ಅವನಿಗೆ ತಿಳಿಯಲಿಲ್ಲ. ತಿಳಿದಿದ್ದು ಒಂದೇ, ಗೆಳೆಯನನ್ನು ಇಷ್ಟು ತಿಂಗಳು ಹಿಡಿದಿಟ್ಟಿದ್ದ ಕೆಲಸವನ್ನು ತನ್ನ ಕೈಯಾರೆ ಕೊಯ್ದು ಹಾಕಿದ್ದೇನೆ, ಅದರ ಬದಲಿಗೆ ಕೊಡಲು ತನ್ನ ಬಳಿ ಏನೂ ಇಲ್ಲ.

"ನಿನ್ನ ಬಂದೂಕು ಕೊಡಲ್ಲ" ಎಂದ. "ಕಳ್ಳ ಅಂತ ಬೇಕಾದ್ರೆ ಊರಿಗೆಲ್ಲ ಸಾರು. ಬೆಳಿಗ್ಗೆ ಇಬ್ರೂ ಪಟ್ಟಣಕ್ಕೆ, ಡಾಕ್ಟರ ಹತ್ರ ಹೋಗೋಣ. ಇವತ್ತು ರಾತ್ರಿ ನಮ್ಮನೇಲೇ ಇರ್ತೀಯ."

ಡೆಲ್ಮಸ್ ತೋಳಿನಿಂದ ಮೂಗೊರೆಸಿಕೊಂಡ.

"ಇವತ್ತು ಇರ್ತೀನಿ" ಎಂದ. "ನಾಳೆ ಡಾಕ್ಟರ ಹತ್ರಾನೂ ಬರ್ತೀನಿ. ಆಮೇಲೆ ಮನೆಗೆ ಹೋಗ್ಬೇಕಲ್ಲ ಆರ್ವಲ್. ಹೋಗಿ ಏನು ಮಾಡ್ಲಿ?"

ಆರ್ವಲ್ ಅವನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬಿಡದೆ, ವೆರ್ನಾ ಇದ್ದ ಅಡುಗೆಮನೆಯ ಕಡೆಗೆ ನಡೆಸಿಕೊಂಡು ಹೋದ.