ಬುಧವಾರದ ಕೆಂಪು ಹೂವು

ಹೊಸ ಆ್ಯಪ್ ಆರಿಸುವುದೆಂದರೆ ರಂಪೈಗೆ ಸಂತೆಯಲ್ಲಿ ಒರಳು ಕೊಂಡ ಹಾಗೆ. ತಟ್ಟಿ ನೋಡಬೇಕು, ಮಗುಚಿ ನೋಡಬೇಕು, ಬಿರುಕು ಬಿಟ್ಟಿದೆಯೋ ಎಂದು ಬೆರಳಾಡಿಸಬೇಕು. ಪುಕ್ಕಟೆ ಸಿಕ್ಕಿತೆಂದು ಕಂಡಕಂಡದ್ದನ್ನೆಲ್ಲ ಫೋನಿಗೆ ತುಂಬಿಕೊಳ್ಳುವವರನ್ನು ನೋಡಿದರೆ ಅವಳಿಗೆ ಮೈ ಉರಿಯುತ್ತಿತ್ತು. ಕರೆಂಟ್ ಬಿಲ್ ಕಟ್ಟಲು ಯಾವುದು ವಾಸಿ, ಆಸ್ಪತ್ರೆಯ ಸರದಿ ಹಿಡಿಯಲು ಯಾವುದು, ಬಿ.ಪಿ. ಬರೆದಿಡಲು ಯಾವುದು, ಲಾಟರಿ ಫಲಿತಾಂಶ ನೋಡಲು ಯಾವುದು, ಎಲ್ಲವನ್ನೂ ಮೊದಲು ತಾನು ಬಳಸಿ ನೋಡಿ, ಸರಿ ಕಂಡರೆ ಮಾತ್ರ ಗೆಳತಿಯರ ಫೋನಿಗೆ ಹಾಕಿಕೊಡುತ್ತಿದ್ದಳು. ಒಮ್ಮೆ ಕೂಡಿ ಕಳೆಯುವ ಆ್ಯಪೊಂದು ಅವಳ ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿತು. "ಲೆಕ್ಕ ಹಾಕೋದಕ್ಕೆ ನನ್ನ ನಾದಿನಿ ನಂಬರ್ ಯಾಕೋ ನಿಂಗೆ?" ಎಂದು ಫೋನಿಗೇ ಬೈದು ಅದನ್ನು ಕಿತ್ತೊಗೆದಿದ್ದಳು.

ಗೆಳತಿಯರೆಂದರೆ ಥಾಯ್ಲೆಂಡಿನ ರಾಚಬುರಿಯ ಜಾಡಿ ಕಾರ್ಖಾನೆಯಲ್ಲಿ ಜೊತೆಯಾಗಿ ದುಡಿದ ಹತ್ತು ಹನ್ನೆರಡು ಹೆಂಗಸರು. ಹೆಬ್ಬೆರಳಿನಿಂದ ಬಿಳಿಮಣ್ಣು ಒತ್ತಿ ನೀರಿನ ಜಾಡಿಗಳ ಮೈಮೇಲೆ ಡ್ರ್ಯಾಗನ್ ಮೂಡಿಸುತ್ತಿದ್ದವರು. ಈಗ ಎಲ್ಲರಿಗೂ ಅರವತ್ತು ದಾಟಿ, ಒಬ್ಬೊಬ್ಬರು ಊರಿನ ಒಂದೊಂದು ಓಣಿಯಲ್ಲಿದ್ದರು. ಅವರನ್ನು ಇನ್ನೂ ಒಂದು ದಾರಕ್ಕೆ ಪೋಣಿಸಿಟ್ಟದ್ದು ಫೋನಿನ ಒಂದು ಗುಂಪು. ದಿನಾ ಬೆಳಿಗ್ಗೆ ಪ್ರತಿಯೊಬ್ಬಳೂ ಅದಕ್ಕೊಂದು ಹೂವಿನ ಚಿತ್ರ ಕಳಿಸಬೇಕು, ಅದೂ ಆಯಾ ವಾರದ ಬಣ್ಣದ್ದೇ ಆಗಬೇಕು. ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಬುಧವಾರ ಹಸಿರು, ಭಾನುವಾರ ಕೆಂಪು. ಮೇಲೆ 'ಶುಭೋದಯ, ಆರೋಗ್ಯವಾಗಿರಿ' ಎಂದು ಬರೆದಿರಬೇಕು. ಹುಡುಗ ಹುಡುಗಿಯರು ಮುದುಕಿಯರ ಹೂವಿನ ಹುಚ್ಚು ಎಂದು ನಗುತ್ತಾರೆ. ನಗಲಿ, ಅವರಿಗೂ ವಯಸ್ಸಾಗುತ್ತದೆ. ಈ ಹೆಂಗಸರು ಆ ಹೂವಿಗೊಂದು ಕಟ್ಟುಪಾಡು ಮಾಡಿಕೊಂಡಿದ್ದರು. ಎಂಟು ಗಂಟೆಯಾದರೂ ಯಾರ ಹೂವು ಬರಲಿಲ್ಲವೋ ಅವಳ ಮನೆಗೆ ಹತ್ತಿರದವಳು ಹೋಗಿ ಬಾಗಿಲು ತಟ್ಟಬೇಕು. ಹೂವು ಬಂತೆಂದರೆ ಅವಳು ಎದ್ದಿದ್ದಾಳೆ, ಚೆನ್ನಾಗಿದ್ದಾಳೆ ಎಂದರ್ಥ.

ಬಣ್ಣದ ವಿಷಯದಲ್ಲಿ ಸಾಯ್‌ಬುವಾ ಭಾರಿ ಕಟ್ಟುನಿಟ್ಟು. ಅವಳೂ ರಂಪೈಯೂ ಒಂದೇ ಜಾಡಿಯ ಆಚೆ ಈಚೆ ಕೂತು ವರ್ಷಗಟ್ಟಲೆ ಕೆಲಸ ಮಾಡಿದವರು. ಡ್ರ್ಯಾಗನ್ನಿನ ತಲೆ ಅವಳದು, ಬಾಲ ಇವಳದು. ಮದುವೆಯ ಗೋಜಿಗೇ ಹೋಗದ ಸಾಯ್‌ಬುವಾ ನದಿಯ ಪಕ್ಕದಲ್ಲಿ, ಗಂಜಿ ಅಂಗಡಿಯ ಕಿಮ್ ಅಕ್ಕನ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ಗುಂಪಿನ ಜಂಟಾ ಒಮ್ಮೆ ಮಂಗಳವಾರ ಹಳದಿ ಹೂವು ಕಳಿಸಿಬಿಟ್ಟಿದ್ದಕ್ಕೆ, "ಏನೇ ಜಂಟಾ, ನಿಮ್ಮನೇಲಿ ಇನ್ನೂ ನಿನ್ನೇನೇ ನಡೀತಿದ್ಯಾ?" ಎಂದು ವಾರವಿಡೀ ಗೋಳು ಹೊಯ್ದುಕೊಂಡಿದ್ದಳು.

ಅಂಥವಳೇ ಒಂದು ದಿನ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತ ರಂಪೈಯ ಮುಂದೆ ರಾಗ ತೆಗೆದಳು.

"ರಾತ್ರಿಯೆಲ್ಲ ಈ ಮಂಡಿ ನಿದ್ದೆ ಕೊಡಲ್ಲ ಕಣೇ. ಇನ್ನೇನು ಕಣ್ಣು ಹತ್ತಬೇಕು, ಅಷ್ಟೊತ್ತಿಗೆ ಹೂವಿನ ಹೊತ್ತು. ಕಳಿಸ್ಲಿಲ್ಲ ಅಂದ್ರೆ ನಾನು ಸತ್ತೇ ಹೋದೆ ಅಂತ ನೀವೆಲ್ಲ ಬಾಗಿಲು ಮುರೀತೀರ. ಅದೇನೇನೋ ಹುಡುಕ್ತೀಯಲ್ಲ, ನಂಗೊಂದು ಹುಡುಕ್ಕೊಡೇ."

"ತಾನಾಗೇ ಹೂವು ಕಳಿಸೋ ಅಂಥದ್ದಾ?"

"ಹ್ಞೂಂ. ನಾನು ಮಲಗಿರ್ಬೇಕು, ಹೂವು ಹೋಗ್ಬೇಕು."

ರಂಪೈ ಟೊಂಕ ಕಟ್ಟಿ ನಿಂತಳು. ಮೊದಲು ಸಿಕ್ಕಿದ್ದು ಹೂವಿನ ಬೆನ್ನಿಗೇ ಮುಖ ಬೆಳ್ಳಗಾಗುವ ಕ್ರೀಮಿನ ಜಾಹೀರಾತನ್ನೂ ಕಳಿಸಿತು. ಇನ್ನೊಂದರಲ್ಲಿ ಅಕ್ಷರಗಳು ಇರುವೆಗಳಷ್ಟು ಸಣ್ಣ. ಮತ್ತೊಂದು ಎಲ್ಲ ಸರಿಯಾಗಿತ್ತು, ಆದರೆ ಅವಳು ಎಲ್ಲಿದ್ದಾಳೆ ಎಂದು ಗಳಿಗೆಗೊಮ್ಮೆ ಕೇಳುತ್ತಿತ್ತು. "ನನ್ನ ಗಂಡನೇ ಬದುಕಿದ್ದಾಗ ಇಷ್ಟು ಕೇಳಿರ್ಲಿಲ್ಲ" ಎಂದು ಅದನ್ನೂ ತೆಗೆದಳು. ಕೊನೆಗೆ ಸಿಕ್ಕಿದ್ದು ಅಪ್ಪಟ ಚಿನ್ನ. ದೊಡ್ಡ ಅಕ್ಷರ, ಜಾಹೀರಾತಿನ ಕಾಟವಿಲ್ಲ, ಒಮ್ಮೆ ಹೂವುಗಳನ್ನು ತುಂಬಿಟ್ಟರೆ ಬೆಳಿಗ್ಗೆ ಆರಕ್ಕೆ ಆ ದಿನದ ಬಣ್ಣದ್ದು ತಾನೇ ಹೋಗುತ್ತದೆ. ಅವಳು ಅದನ್ನು ಮೊದಲು ತನ್ನ ಫೋನಿನಲ್ಲಿ ಪರೀಕ್ಷಿಸಿ, ಆಮೇಲೆ ಸಾಯ್‌ಬುವಾಳ ಫೋನಿಗೆ ಹಾಕಿ, ತಾನೇ ಕೂತು ಹೂವು ತುಂಬಿಕೊಟ್ಟಳು. ಸಾಯ್‌ಬುವಾ ಅವಳ ಕೆನ್ನೆ ಸವರಿ, "ನೀನಿಲ್ದಿದ್ರೆ ನನ್ನ ಗತಿ ಏನೇ" ಎಂದಳು. ಆ ಮಾತಿಗೆ ರಂಪೈ ನೆಲಕ್ಕೆ ಕಾಲೂರದೆ ಮನೆಗೆ ಬಂದಳು.

ಸುದ್ದಿ ಹಬ್ಬಿತು. ನಂಗೂ ಹಾಕ್ಕೊಡು, ನಂಗೂ ಹಾಕ್ಕೊಡು ಎಂದು ಎಲ್ಲರೂ ದುಂಬಾಲು ಬಿದ್ದರು. ಜಂಟಾ ಮಾತ್ರ ಫೋನ್ ಕೊಡುವಾಗ ಹಲ್ಲುಬಿಟ್ಟು ಕೇಳಿದಳು.

"ಅಲ್ವೇ, ನಾವು ಗೊಟಕ್ ಅಂದ್ಮೇಲೂ ಹೂವು ಹೋಗ್ತಾನೇ ಇರುತ್ತಾ?"

"ಹೋಗ್ಲಿ ಬಿಡು, ಅಲ್ಲಿಂದಾದ್ರೂ ಸರಿಯಾದ ಬಣ್ಣದ್ದು ಕಳಿಸ್ತೀಯ" ಎಂದಳು ಸಾಯ್‌ಬುವಾ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರಂಪೈಯೂ ನಕ್ಕಳು. ಅಷ್ಟೊಂದು ತಟ್ಟಿ ನೋಡಿ ಆರಿಸಿದವಳು ಆ ಪ್ರಶ್ನೆಯನ್ನು ಮಾತ್ರ ತಟ್ಟಿ ನೋಡಲಿಲ್ಲ.

ಅಂದಿನಿಂದ ಬೆಳಿಗ್ಗೆ ಆರು ಹೊಡೆಯುತ್ತಲೇ ಹೂವುಗಳು ಒಂದರ ಮೇಲೊಂದು ದಬದಬನೆ ಬೀಳತೊಡಗಿದವು. ಮಲಗಿದವರಿಗೆ ಆ ಸದ್ದು ಕಿರಿಕಿರಿ. "ಆ ಗುಂಪಿನ ಬಾಯಿ ಮುಚ್ಚಿಸೋದು ಹೇಗೇ?" ಎಂದು ಒಬ್ಬೊಬ್ಬಳೇ ಕೇಳಿದಳು. ರಂಪೈ ಅದನ್ನೂ ಮಾಡಿಕೊಟ್ಟಳು. ಹೂವು ಹೇಗೂ ಬಂದೇ ಬರುತ್ತದೆ ಎಂದ ಮೇಲೆ ನೋಡುವುದೇನಿದೆ? ಎಂಟು ಗಂಟೆಗೆ ಎಣಿಸುವ ಪದ್ಧತಿ ಯಾರೂ ಬೇಡವೆನ್ನದೆ ತಾನಾಗಿಯೇ ನಿಂತುಹೋಯಿತು.

ಏಪ್ರಿಲ್ ತಿಂಗಳು, ಬುಧವಾರ. ಕಿಮ್ ಅಕ್ಕ ಹಿರಿಯರ ಗೋರಿ ತೊಳೆದು ಪೂಜೆ ಕೊಡುವ ಹಬ್ಬಕ್ಕೆಂದು ಅಂಗಡಿ ಮುಚ್ಚಿ ಮಗನ ಊರಿಗೆ ಹೋಗಿದ್ದಳು. ರಂಪೈ ಮನೆಯ ಮುಂದಿನ ನೆರಳಲ್ಲಿ ಕೂತು ಬಸ್ಸಿನ ಹೊತ್ತು ತೋರಿಸುವ ಹೊಸ ಆ್ಯಪೊಂದನ್ನು ಜಾಲಾಡುತ್ತಿದ್ದಳು. ಯಾವುದೋ ಕೆಲಸಕ್ಕೆ ಗುಂಪು ತೆರೆದರೆ ಬೆಳಗಿನ ಹಸಿರು ಹೂವುಗಳ ಕೆಳಗೆ, ಸಾಯ್‌ಬುವಾಳ ಹೆಸರಿನಲ್ಲಿ, ಒಂದು ಕೆಂಪು ಹೂವು. ಅದರ ಕೆಳಗೆ ಮತ್ತೆ ಅದೇ ಕೆಂಪು ಹೂವು.

ರಂಪೈಗೆ ನಗು ಉಕ್ಕಿ ಬಂತು. ಭಾನುವಾರದ ಹೂವು ಬುಧವಾರ, ಅದೂ ಸಾಯ್‌ಬುವಾಳದು! ಹೂವು ಕಳಿಸುವ ಯಂತ್ರ ವಾರ ತಪ್ಪಿದೆ ಎಂದು ಅವಳಿಗೆ ಆ ಕ್ಷಣವೇ ಖಾತ್ರಿಯಾಯಿತು. 'ಏನೇ ಸಾಯ್‌ಬುವಾ, ನಿಮ್ಮನೇಲಿ ಇವತ್ತೇ ಭಾನುವಾರನಾ? ನಿನ್ನ ಯಂತ್ರಕ್ಕೆ ಹುಚ್ಚು ಹಿಡಿದಿದೆ. ಶನಿವಾರ ಬಂದು ಸರಿ ಮಾಡ್ತೀನಿ' ಎಂದು ಬರೆದು, ಹೊಟ್ಟೆ ಹಿಡಿದು ನಗುವ ಕರಡಿಯ ಚಿತ್ರವನ್ನೂ ಕಳಿಸಿದಳು. ಓದಿದ ಗುರುತು ಮೂಡಿತು. ಸ್ವಲ್ಪ ಹೊತ್ತಿಗೆ ಮೂರನೆಯ ಕೆಂಪು ಹೂವು ಬಂತು. ಪೂರ್ತಿ ಕೆಟ್ಟಿದೆ ಎಂದುಕೊಂಡು ರಂಪೈ ಅಡುಗೆಗೆ ಪಪ್ಪಾಯಿ ತುರಿಯಲು ಎದ್ದುಹೋದಳು.

ಮರುದಿನ ಸಂಜೆ ಕಿಮ್ ಅಕ್ಕ ಊರಿಂದ ಬಂದಾಗ ಹಿಂಬದಿಯ ಕೋಣೆಯಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು, ಕರೆದರೆ ಉತ್ತರವಿಲ್ಲ. ಬಾಗಿಲು ದೂಡಿ ನೋಡಿದರೆ ಸಾಯ್‌ಬುವಾ ಮಂಚದ ಪಕ್ಕದಲ್ಲಿ ನೆಲದ ಮೇಲಿದ್ದಳು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಫೋನು ಎಡಗೈಯ ಕೆಳಗಿತ್ತು. ಇನ್ನೂ ಜೀವವಿತ್ತು.

ರಂಪೈ ಆಸ್ಪತ್ರೆಗೆ ಓಡಿದಳು. ಸಾಯ್‌ಬುವಾ ಅವಳನ್ನು ಗುರುತು ಹಿಡಿದಳೋ ಇಲ್ಲವೋ, ಕಣ್ಣಂತೂ ಅವಳ ಕಡೆ ತಿರುಗಿತು. ಶುಕ್ರವಾರ ಬೆಳಗಾಗುವ ಮೊದಲೇ ಉಸಿರು ನಿಂತಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಬುಧವಾರಾನೇ ಕರ್ಕೊಂಡು ಬಂದಿದ್ರೆ..." ಎಂದಳು.

ದೇವಾಲಯದ ಚಾವಡಿಯಲ್ಲಿ ಶವಪೆಟ್ಟಿಗೆ ಇಟ್ಟು, ಸಂಜೆ ಸಂಜೆ ಭಿಕ್ಷುಗಳು ಪಠಣ ಮಾಡಿದರು. ಗೆಳತಿಯರು ಕಪ್ಪು ಬಟ್ಟೆಯುಟ್ಟು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಸಾಲಾಗಿ ಕೂತಿದ್ದರು. ರಂಪೈ ಒಬ್ಬೊಬ್ಬರ ಹತ್ತಿರವೂ ಹೋಗಿ ಹೇಳಿದ್ದನ್ನೇ ಹೇಳುತ್ತಿದ್ದಳು.

"ಯಂತ್ರದ ತಪ್ಪು ಅಂದ್ಕೊಂಡೆ ಕಣೇ. ಯಂತ್ರ ಇತ್ತಲ್ಲ ಅವಳ ಫೋನಲ್ಲಿ. ನೀನಾಗಿದ್ರೂ ಹಾಗೇ ಅಂದ್ಕೋತಿದ್ದೆ, ಹೌದು ತಾನೇ?"

"ಹೌದು ಕಣೇ, ಯಾರಿಗಾದ್ರೂ ಹಾಗೇ ಅನ್ಸೋದು" ಎಂದು ಅವರೂ ಹೇಳುತ್ತಿದ್ದರು. ಹಾಗೆಂದಾಗಲೆಲ್ಲ ರಂಪೈಗೆ ಒಂದು ಗುಟುಕು ಉಸಿರು ಒಳಗೆ ಹೋಗುತ್ತಿತ್ತು. ಮುಳುಗುವವಳಿಗೆ ಸಿಕ್ಕಿದ್ದು ಆ ಒಂದೇ ಆಸರೆ. ಯಂತ್ರವೊಂದು ಇದ್ದುದರಿಂದಲೇ ತಾನು ಮೋಸಹೋದೆ. ಅದಿಲ್ಲದಿದ್ದರೆ ಸಾಯ್‌ಬುವಾಳ ಕೈಯಿಂದ ತಪ್ಪು ಬಣ್ಣದ ಹೂವು ಬಂದ ಗಳಿಗೆಯೇ ಎದ್ದು ಓಡುತ್ತಿದ್ದೆ ಎಂದು ಅವಳು ನಂಬಿದ್ದಳು.

ಭಾನುವಾರ ಸಂಜೆ ಪಠಣ ಮುಗಿದು ಬಂದವರಿಗೆಲ್ಲ ಗಂಜಿ ಬಡಿಸುತ್ತಿದ್ದಾಗ ಅವಳು ಅದನ್ನೇ ಕಿಮ್ ಅಕ್ಕನ ಮುಂದೆಯೂ ಹೇಳಿದಳು. ಕಿಮ್ ಅಕ್ಕ ಸೌಟು ಹಿಡಿದವಳು ಹಾಗೇ ನಿಂತಳು.

"ಯಾವ ಯಂತ್ರಾನೇ?"

"ಅದೇ ಅಕ್ಕ, ಹೂವು ಕಳಿಸೋದು. ನಾನೇ ಹಾಕ್ಕೊಟ್ಟಿದ್ನಲ್ಲ."

"ಅಯ್ಯೋ, ಅದನ್ನ ಅವಳು ಯಾವತ್ತೋ ಬಿಟ್ಟಿದ್ಲಲ್ಲೇ. ನಾಲ್ಕು ದಿನ ಇಟ್ಕೊಂಡ್ಲೋ ಇಲ್ವೋ. ಮಲಗೋಕೂ ಆಗಲ್ಲ, ಕೈಗೆ ಕೆಲಸಾನೂ ಇಲ್ಲ, ಬೆಳಗಾದ್ರೆ ಏನೋ ಕಳ್ಕೊಂಡ ಹಾಗೆ ಅನ್ಸುತ್ತೆ ಅಂತ ತೆಗೆಸಿಬಿಟ್ಲು. ದಿನಾ ನನ್ನ ಅಂಗಡಿ ಬೆಂಚ್ ಮೇಲೆ ಕೂತು, ಗಂಜಿ ತಣ್ಣಗಾದ್ರೂ ಪರಿವೆ ಇಲ್ದೆ ಹೂವು ಆರಿಸೋಳು. ಇದನ್ನ ನೋಡಿದ್ರೆ ರಂಪೈ ಖುಷಿ ಪಡ್ತಾಳೆ, ಇದು ಜಂಟಾಗೆ ಹಿಡಿಸುತ್ತೆ, ಅಂತ. ಅವರೆಲ್ಲ ಕಾಯ್ತಿರ್ತಾರೆ ಅಕ್ಕ, ಅನ್ನೋಳು."

"ನಂಗ್ಯಾಕೆ ಹೇಳ್ಲಿಲ್ಲ ಅವಳು?"

"ನೀನು ನೊಂದ್ಕೋತೀಯ ಅಂತ. ರಂಪೈ ಅಷ್ಟು ಕಷ್ಟಪಟ್ಟು ಹುಡುಕಿ ಕೊಟ್ಟಿದಾಳೆ, ಅವಳ ಮುಂದೆ ಬಾಯಿಬಿಡಬೇಡಿ ಅಕ್ಕ ಅಂದಿದ್ಲು."

ರಂಪೈ ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು. ಅವಳು ಕುರ್ಚಿಗೆ ಒರಗಿ ಫೋನು ತೆರೆದು ಗುಂಪಿನ ಹಳೆಯ ದಿನಗಳನ್ನು ಹಿಂದಕ್ಕೆ ತಳ್ಳುತ್ತ ಹೋದಳು. ಎಲ್ಲವೂ ಕಣ್ಣೆದುರಿಗೇ ಇತ್ತು. ಉಳಿದವರ ಹೂವುಗಳೆಲ್ಲ ಆರು ಗಂಟೆಗೆ ಒಟ್ಟಿಗೆ ಬಿದ್ದಿದ್ದವು. ಸಾಯ್‌ಬುವಾಳದು ಒಂದು ದಿನ ಸ್ವಲ್ಪ ಮುಂಚೆ, ಒಂದು ದಿನ ಎಷ್ಟೋ ತಡವಾಗಿ, ಒಂದು ದಿನ 'ರಾತ್ರಿ ಮಳೆ ಬಂತಲ್ಲ, ಮಂಡಿ ಹೇಗಿದೆ ಎಲ್ಲರದ್ದೂ?' ಎಂಬ ಮಾತಿನ ಜೊತೆಗೆ ಬಂದಿತ್ತು. ಆ ಮಾತಿಗೆ ಯಾರೊಬ್ಬರೂ ಉತ್ತರ ಕೊಟ್ಟಿರಲಿಲ್ಲ. ಗುರುವಾರ ಅವಳ ಹೂವು ಇರಲೇ ಇಲ್ಲ. ಅಂದು ಎಂಟು ಗಂಟೆ ಎಲ್ಲರ ಮನೆಯಲ್ಲೂ ಹೊಡೆದಿತ್ತು, ಒಬ್ಬಳೂ ಎದ್ದು ಹೋಗಿರಲಿಲ್ಲ. ಅಷ್ಟು ಜನರ ಯಂತ್ರಗಳ ನಡುವೆ ಒಬ್ಬಳೇ ಒಬ್ಬ ಹೆಂಗಸು ನೋಯುವ ಮಂಡಿ ಹೊತ್ತು ಬೆಂಚಿನ ಮೇಲೆ ಕೂತು, ಕಾಯುತ್ತಿಲ್ಲದವರಿಗಾಗಿ ಹೂವು ಆರಿಸಿದ್ದಳು. ಬಿದ್ದಾಗ ಮಾತು ಹೊರಡದೆ, ರೂಢಿಯಿಲ್ಲದ ಎಡಗೈಯಲ್ಲಿ, ತಾನೆಂದೂ ಕಳಿಸದ ಬಣ್ಣ ಕಳಿಸಿ ಕರೆದಿದ್ದಳು. ಅವಳಿಗೆ ಹೋದ ಉತ್ತರ, ಹೊಟ್ಟೆ ಹಿಡಿದು ನಗುವ ಕರಡಿ.

ಸೋಮವಾರ ಬೆಳಿಗ್ಗೆ ರಂಪೈ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇದ್ದಳು. ಗುಂಪಿನ ಸದ್ದನ್ನು ಹಿಂದಿನ ಸಂಜೆಯೇ ಮತ್ತೆ ಹಚ್ಚಿದ್ದಳು. ಆರಕ್ಕೆ ಹಳದಿ ಹೂವುಗಳು ದಬದಬನೆ ಬಿದ್ದವು. ನಡುವೆ ಅವಳ ಹೆಸರಿನದೂ ಒಂದು. 'ಶುಭೋದಯ, ಆರೋಗ್ಯವಾಗಿರಿ.' ಅವಳು ಬೆರಳೂ ಅಲುಗಿಸಿರಲಿಲ್ಲ. 'ಯಾರಾದ್ರೂ ಎದ್ದಿದ್ದೀರಾ?' ಎಂದು ಬರೆದು ಕಾದಳು. ಬಿಸಿಲು ಹೊಸ್ತಿಲಿಗೆ ಬಂತು. ಓದಿದ ಗುರುತು ಮೂಡಲಿಲ್ಲ.

ಅವಳು ಎದ್ದು, ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು, ಎರಡು ಓಣಿ ದಾಟಿ ಜಂಟಾಳ ಮನೆಗೆ ಬಂದು ಎರಡೂ ಕೈಯಲ್ಲಿ ಬಾಗಿಲು ಬಡಿದಳು. ಒಳಗಿಂದ ಸದ್ದು ಬರುವವರೆಗೂ ಬಡಿಯುತ್ತಲೇ ಇದ್ದಳು. ಕೂದಲು ಕೆದರಿಕೊಂಡ ಜಂಟಾ ಗಾಬರಿಯಾಗಿ ಬಾಗಿಲು ತೆಗೆದಳು.

"ಏನಾಯ್ತೇ? ನನ್ನ ಹೂವು ಬರ್ಲಿಲ್ವಾ?"

"ಬಂತು ಕಣೇ, ಬಂತು" ಎಂದಳು ರಂಪೈ. "ಅದಕ್ಕೇ ಬಂದೆ."

ಅಷ್ಟು ಹೇಳಿ ಹೊಸ್ತಿಲ ಮೇಲೆ ಕುಸಿದು ಗೊಳೋ ಎಂದು ಅತ್ತಳು.