ಆಂಡರ್ಸನ್‌ಪೇಟೆಯ ಫ್ರೀಜರ್ ಬಾಕ್ಸಿಗೆ ಒಂದು ಶೀರ್ಷಿಕೆ

೧

ಅರವತ್ತು ಅಕ್ಷರಗಳಲ್ಲಿ ಎಲ್ಲ ಹೇಳಿ ಮುಗಿಸುವುದು ನನ್ನ ಹೊಟ್ಟೆಪಾಡು. ನೀವು ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ನೀಲಿ ಬಣ್ಣದಲ್ಲಿ ಒಂದು ಸಾಲು ಕಾಣುತ್ತದಲ್ಲ, ಒತ್ತಬೇಕೋ ಬೇಡವೋ ಎಂದು ಅರೆಗಳಿಗೆ ಯೋಚಿಸುತ್ತೀರಲ್ಲ, ಆ ಸಾಲು ಬರೆಯುವವನು ನಾನು. ಬಂಗಾರಪೇಟೆ ಸ್ಟೇಷನ್ನಿನ ಎದುರು ಮಹಡಿಯ ಮೇಲೆ ಆಫೀಸು. (ಆಫೀಸೆಂದರೆ ಒಂದು ಟೇಬಲ್ಲು, ತಿರುಗುವಾಗ ಗೊಣಗುವ ಒಂದು ಫ್ಯಾನು.) ಸಾಲು ಉದ್ದವಾದರೆ ಮೂರು ಚುಕ್ಕಿ ಬಿದ್ದು ಉಳಿದದ್ದು ಕತ್ತರಿಸಿ ಹೋಗುತ್ತದೆ. ಈ ಅಭ್ಯಾಸದವನು ಕಥೆ ಶುರು ಮಾಡುವುದು ಹೇಗೆ? ಮೊದಲ ಸಾಲಿನಲ್ಲೇ ಎಲ್ಲ ಹೇಳಿಬಿಟ್ಟು ಆಮೇಲೆ ನಿಮ್ಮ ಮುಖ ನೋಡುತ್ತಾ ಕೂರುತ್ತೇನೆ.

ಬೇಕಾದರೆ ನೋಡಿ: "ಹೆಣ ಇಡುವ ಫ್ರೀಜರ್ ಬಾಕ್ಸ್ ಬಾಡಿಗೆಗೆ ಕೊಡುವ ಇಂದ್ರಾಣಿಯನ್ನು, ಅವಳ ಬೀದಿಯಲ್ಲೇ ಸಾವಾದಾಗ ಯಾರೂ ಕರೆಯಲಿಲ್ಲ." ಮುಗಿಯಿತು. ಮನೆಗೆ ಹೋಗಿ.

೨

ಹೋಗಲಿಲ್ಲವೇ? ಸರಿ, ಕೂತುಕೊಳ್ಳಿ.

ಇಂದ್ರಾಣಿಯ ಮನೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ. ಮುಂದಿನ ಕೋಣೆಯ ತುಂಬಾ ಆ ಬಾಕ್ಸು, ಮೇಲೆ ಗಾಜಿನ ಮುಚ್ಚಳ. ದೂರದ ನೆಂಟರು ಬಂದು ಮುಖ ನೋಡುವವರೆಗೆ ದೇಹ ಕೆಡದಂತೆ ಇಡುವುದಕ್ಕೆ. ಗಂಡ ಮುನಿರಾಜ್ ತನ್ನ ಲಗೇಜ್ ಆಟೋದಲ್ಲಿ ಅದನ್ನು ಊರಿನ ಹಳೇ ಗಣಿ ಬಡಾವಣೆಗಳಾದ ಕೋರಮಂಡಲ್‌ಗೋ ಮೈಸೂರು ಮೈನ್ಸ್‌ಗೋ ಸಾಗಿಸುತ್ತಾನೆ. ಒಳಗಿನ ಕೋಣೆಯ ಮಂಚದ ಮೇಲೆ ಅತ್ತೆ ಮುನಿನಾರಾಯಣಮ್ಮ. ಕಾಲು ಬಿದ್ದುಹೋಗಿದೆ, ಕಿವಿ ಮಾತ್ರ ಚುರುಕು.

ಹೋದ ತಿಂಗಳು ಅದೇ ಬೀದಿಯ ವೆಂಕಟರತ್ನಮ್ಮ ತೀರಿಕೊಂಡರು. ಮೊದಲಾಗಿದ್ದರೆ ಯಾರಾದರೂ ಆಟೋ ಸ್ಟ್ಯಾಂಡಿನಲ್ಲಿ ವಿಚಾರಿಸುತ್ತಿದ್ದರು. ಈಗ ಬೇರೆ ಊರಿನಿಂದ ಬಂದ ಮೊಮ್ಮಗಳು ಲಿಖಿತ ಯಾರನ್ನೂ ಕೇಳದೆ ಮೊಬೈಲಿನಲ್ಲಿ ಹುಡುಕಿದಳು, ಮೊದಲು ಕಂಡ ಸಾಲನ್ನು ಒತ್ತಿದಳು. ಬಾಕ್ಸ್ ಬೆಂಗಳೂರಿನಿಂದ ಹೊರಟಿತು. ಅದು ಬರುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಇಳಿದಿತ್ತು. ಅಲ್ಲಿಯವರೆಗೆ ಮುದುಕಿಯ ಸುತ್ತ ಐಸ್ ಗಡ್ಡೆ ಜೋಡಿಸಿ, ಮೇಲೆ ಟೇಬಲ್ ಫ್ಯಾನ್ ಬಿಟ್ಟಿದ್ದರು. ಇಂದ್ರಾಣಿ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೋಗಿ ಒಂದು ಮಾತು ಹೇಳಬಾರದಿತ್ತೇ ಅಕ್ಕಾ?" ಎಂದೆ, ಆಮೇಲೆ ಅವಳು ಇದನ್ನೆಲ್ಲ ನನ್ನ ಹತ್ತಿರ ಹೇಳಿಕೊಂಡಾಗ.

"ಎಂಗೆ ಓಗೋದು ಸಾರ್? ಕರೀದೆ ನಾವು ಸಾವಿನ ಮನೆ ಹೊಸಿಲು ತುಳಿಯಂಗಿಲ್ಲ. ನಾನು ಓಗಿ ನಿಂತ್ರೆ, ಇವ್ಳು ಇದಕ್ಕೇ ಕಾಯ್ತಾ ಇದ್ಳು ಅಂತಾರೆ." ಎಂದಳು ಇಂದ್ರಾಣಿ. "ಮದ್ವೆ ಆಗಿ ಈ ಬೀದಿಗೆ ಬಂದ ದಿನ ನಂಗೆ ಅನ್ನ ಇಕ್ಕಿದ್ದು ಆಯಮ್ಮ. ಆಯಮ್ಮನ್ನ ಐಸಲ್ಲಿ ಮಲಗಿಸಿದ್ರು, ನನ್ ಪೆಟ್ಟಿಗೆ ಇಲ್ಲಿ ಖಾಲಿ ಬಿದ್ದಿತ್ತು. ನಮ್ ಬೀದಿಯೋರಿಗೆ ನಾನು ಸಿಕ್ಕಬೇಕು, ಅಷ್ಟೇ."

ಅವಳಿಗೊಂದು ವೆಬ್ ಪೇಜ್ ಮಾಡಿ, ಅದಕ್ಕೊಂದು ಶೀರ್ಷಿಕೆ ಬರೆಯುವುದು ನನ್ನ ಪಾಲಿಗೆ ಬಂತು. ಬಂದ ಗಿರಾಕಿಯನ್ನು ಕಥೆಗೂ ಎಳೆದುಕೊಳ್ಳುವುದು ನನ್ನ ಕೆಟ್ಟ ಚಾಳಿ.

೩

ಶೀರ್ಷಿಕೆ ಬರೆಯುವ ವಿದ್ಯೆಯಲ್ಲಿ ಬ್ರಹ್ಮರಹಸ್ಯವೇನೂ ಇಲ್ಲ. ಜನ ಯಾವ ಮಾತಿನಿಂದ ಹುಡುಕುತ್ತಾರೋ ಆ ಮಾತು ಮೊದಲು ಬರಬೇಕು. ಊರಿನ ಹೆಸರಿರಬೇಕು. ಪೇಜಿನ ಒಳಗೆ ಇಲ್ಲದ್ದನ್ನು ಹೊರಗೆ ಹೇಳಬಾರದು. ಕೊನೆಗೆ ಓದುವವನ ಕೈ ಹಿಡಿದು ಎಳೆಯಬೇಕು: ಬನ್ನಿ, ಕರೆ ಮಾಡಿ, ಇಂದೇ, ಈಗಲೇ. ನಾನು ಕಲಿತ ಆನ್‌ಲೈನ್ ಕೋರ್ಸಿನಲ್ಲಿ ಈ ಎಳೆಯುವುದಕ್ಕೇ ಮೂರು ವಿಡಿಯೊ ಇದ್ದವು.

ಅವಳ ಮನೆಯಲ್ಲೇ ಕೂತು ಮೊದಲನೆಯದನ್ನು ಓದಿದೆ. "ಕೆಜಿಎಫ್‌ನ ನಂಬರ್ ಒನ್ ಫ್ರೀಜರ್ ಬಾಕ್ಸ್."

"ಸಾವಲ್ಲಿ ಎಂಥ ನಂಬರ್ ಒನ್ ಸಾರ್? ಓಟದ ಪಂದ್ಯನಾ?" ಎಂದಳು ಇಂದ್ರಾಣಿ.

"ಫ್ರೀಜರ್ ಬಾಕ್ಸ್ ಬೇಕೇ? ಇಂದೇ ಕರೆ ಮಾಡಿ."

ಒಳಗಿನ ಮಂಚದಿಂದ ಮುನಿನಾರಾಯಣಮ್ಮ ಕೂಗಿದರು: "ಇವತ್ತೇ ಯಾಕಪ್ಪಾ? ನಾಳೆ ಮಾಡಿದ್ರೆ ಬ್ಯಾಡ ಅಂತೀರಾ?"

"ಶವ ಶೀತಲೀಕರಣ ಪೆಟ್ಟಿಗೆ ಸೇವೆ."

"ಇದನ್ನ ಓದಿ ಮುಗ್ಸೋ ಒತ್ತಿಗೆ ಮಣ್ಣು ಮಾಡಿ ಬಂದಿರ್ತಾರೆ," ಎಂದರು ಅತ್ತೆ.

ನನಗೂ ರೇಗಿತು. ಕರೆಯದೆ ಇದ್ದರೆ ಜನ ಹೇಗೆ ಬರುತ್ತಾರೆ ಎಂದು ಕೇಳಿದೆ.

"ನಾನಾಗಿ ಯಾರ್ನೂ ಕರಿಯಂಗಿಲ್ಲ ಸಾರ್," ಎಂದಳು ಇಂದ್ರಾಣಿ. "ಅವ್ರು ಉಡುಕ್ಕೊಂಡು ಬಂದಾಗ, ಇಲ್ಲಿದೀನಿ ಅನ್ಬೇಕು. ಬೀದೀಲಿ ಮಾಡದ್ದನ್ನ ಫೋನಲ್ಲಿ ಮಾಡು ಅಂತೀರಲ್ಲ."

೫

(ನಾಲ್ಕನ್ನು ಅಳಿಸಿದ್ದೇನೆ. ಅದರಲ್ಲಿ ಚಿನ್ನದ ಗಣಿ ಇತ್ತು. ಕೆಜಿಎಫ್ ಎಂದ ಮೇಲೆ ಮುಚ್ಚಿದ ಗಣಿಯ ಬಗ್ಗೆ ಅರ್ಧ ಪುಟವಾದರೂ ನಿಟ್ಟುಸಿರು ಬಿಡಬೇಕು ಎಂದುಕೊಂಡು ಚೆನ್ನಾಗಿಯೇ ಬಿಟ್ಟಿದ್ದೆ. ಇಂದ್ರಾಣಿಗೆ ಓದಿ ಹೇಳಿದೆ. "ಇದ್ರಲ್ಲಿ ನಾನೆಲ್ಲಿದೀನಿ ಸಾರ್?" ಎಂದಳು.)

ಮುಕ್ತಾಯವನ್ನು ಮೊದಲೇ ಯೋಚಿಸಿಟ್ಟಿದ್ದೆ. ಹೆಣದ ಪೆಟ್ಟಿಗೆಯ ಕಥೆಯಲ್ಲಿ ಹೆಣ ಬೀಳದಿದ್ದರೆ ನೀವು ನನ್ನನ್ನು ಬಿಡುತ್ತೀರಾ?

ಮುಕ್ತಾಯ ಅ: ಅತ್ತೆ ತೀರಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಬಾಕ್ಸ್ ಮೈಸೂರು ಮೈನ್ಸ್‌ನ ಯಾರದೋ ಮನೆಯಲ್ಲಿರುತ್ತದೆ. ಇಂದ್ರಾಣಿ ಅಳುತ್ತಾ ಮೊಬೈಲಿನಲ್ಲಿ ಇನ್ನೊಂದು ಬಾಕ್ಸ್ ಹುಡುಕುತ್ತಾಳೆ. ಮೊದಲಿಗೆ ಬರುವುದು ಅವಳದೇ ಪೇಜು. ಗೊತ್ತಾಗದೆ ಒತ್ತುತ್ತಾಳೆ. ಎಂಗೇಜ್. ಕೊನೆಗೆ ಬೆಂಗಳೂರಿನಿಂದಲೇ ಬಾಕ್ಸ್ ಬರುತ್ತದೆ.

ಇದನ್ನು ಬರೆದ ಖುಷಿಗೆ ಎರಡು ಟೀ ಕುಡಿದೆ. ಇಂದ್ರಾಣಿ ಪೂರ್ತಿ ಕೇಳಿಸಿಕೊಂಡು, "ಚೆನ್ನಾಗೈತೆ. ಆದ್ರೆ ನಮ್ಮತ್ತೇನ ಸಾಯಿಸ್ಬೇಡಿ," ಎಂದಳು.

"ಕಥೆ ಅಕ್ಕಾ, ಕಥೆ."

"ಕಥೇಲಿ ಮಾತ್ರ ಯಾಕೆ ಸಾಯ್ಬೇಕು? ಮೂರು ವರ್ಷದಿಂದ ನಾನು ಎತ್ತಿ ಇಳಿಸಿ ಕಾಪಾಡಿರೋ ಜೀವ. ನಿಮಗೆ ಮುಗ್ಸೋಕೆ ಬರ್ಲಿಲ್ಲ ಅಂತ ಕೊಡ್ಬೇಕಾ?"

ಅತ್ತೆಯ ತಕರಾರೇ ಬೇರೆ. "ಸಾಯಿಸ್ಕೊಳ್ಳಪ್ಪಾ, ಬರೆದ್ರೆ ಪ್ರಾಣ ಓಯ್ತದಾ? ಆದ್ರೆ ಬೇರೆ ಊರ ಪೆಟ್ಟಿಗೇಲಿ ಮಲಗಿಸ್ಬ್ಯಾಡ. ಮನೇಲೇ ಪೆಟ್ಟಿಗೆ ಇಕ್ಕೊಂಡು ನಂಗೇನ್ ಗ್ರಾಚಾರ!"

ಮುಕ್ತಾಯ ಆ: ಇಂದ್ರಾಣಿ ಬಾಕ್ಸನ್ನು ಹೂ ಕೆಡದಂತೆ ಇಡಲು ಬಳಸಿ ಹೂವಿನ ಅಂಗಡಿ ತೆರೆಯುತ್ತಾಳೆ. ಆಟೋ ತೊಳೆಯುತ್ತಿದ್ದ ಮುನಿರಾಜ್ ತಲೆ ಎತ್ತದೆ ಕೇಳಿದ: "ಅದ್ರಲ್ಲಿಟ್ಟ ಹೂವ ಯಾರ್ ಮುಡೀತಾರೆ ಸಾರ್?" ಅಳಿಸಿದೆ.

೬

ಶೀರ್ಷಿಕೆ ಕೊನೆಗೆ ಹೀಗಾಯಿತು: ಫ್ರೀಜರ್ ಬಾಕ್ಸ್, ಆಂಡರ್ಸನ್‌ಪೇಟೆ ಕೆಜಿಎಫ್ – ಇಂದ್ರಾಣಿ ಮನೆ. ಅದನ್ನೇ ಇಂಗ್ಲಿಷಿನಲ್ಲೂ ಇಟ್ಟೆ. ಇಲ್ಲಿ ಮನೆಯೊಳಗೆ ಕನ್ನಡ, ತಮಿಳು, ತೆಲುಗು ಯಾವುದರಲ್ಲಿ ಅತ್ತರೂ ಮೊಬೈಲಿನಲ್ಲಿ ಒತ್ತುವುದು ಇಂಗ್ಲಿಷನ್ನೇ. ಬನ್ನಿ ಇಲ್ಲ, ಕರೆ ಮಾಡಿ ಇಲ್ಲ. ನನ್ನ ಕೋರ್ಸಿನ ಮೇಷ್ಟ್ರು ನೋಡಿದರೆ ಸರ್ಟಿಫಿಕೇಟ್ ವಾಪಸ್ ಕೇಳುತ್ತಾರೆ.

"ಇದ್ರಲ್ಲಿ ಕರೆದಂಗಿಲ್ಲ ಅಲ್ವಾ?" ಎಂದು ಇಂದ್ರಾಣಿ ಮತ್ತೆ ಮತ್ತೆ ಕೇಳಿದಳು.

"ಇಲ್ಲ ಅಕ್ಕಾ. ಬಾಗಿಲು ತೆಗೆದಿಟ್ಟ ಹಾಗಿದೆ, ಅಷ್ಟೇ."

(ನಾವು ಬರೆದದ್ದನ್ನೇ ತೋರಿಸುತ್ತಾರೆಂಬ ಖಾತ್ರಿಯೂ ಇಲ್ಲ. ಸರ್ಚ್ ಎಂಜಿನ್ ಮನಸ್ಸು ಬಂದರೆ ತಾನೇ ಬೇರೆ ಶೀರ್ಷಿಕೆ ಕೊಡುತ್ತದೆ. ನೀವೂ ಈ ಕಥೆಗೆ ಮನಸ್ಸಿನಲ್ಲೇ ಒಂದು ಕೊಟ್ಟಿರುತ್ತೀರಿ. ನನಗೆ ಹೇಳಬೇಡಿ.)

ಕೆಲವು ದಿನ ಬಿಟ್ಟು ಹುಡುಕಿ ನೋಡಿದೆ. ಬೆಂಗಳೂರಿನವರನ್ನು ಕೆಳಗೆ ತಳ್ಳಿ ಇಂದ್ರಾಣಿ ಮನೆ ಎಲ್ಲಕ್ಕಿಂತ ಮೇಲೆ ಕೂತಿತ್ತು. ಇನ್ನು ಅವಳ ಬೀದಿಯವರು ಹುಡುಕಿದರೆ ಅವಳು ಸಿಗುತ್ತಾಳೆ.

೭

ಹೇಳುವುದಕ್ಕೆಂದು ಅವಳ ಮನೆಗೆ ಹೋದೆ. ಅವಳು ಗಾಜಿನ ಮುಚ್ಚಳ ಒರೆಸುತ್ತಿದ್ದಳು. ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ನಾನು ಫೋನನ್ನೇ ನೋಡುತ್ತಾ ಕೂತೆ. ನೀವೂ ನೋಡುತ್ತಿದ್ದೀರಿ, ಸುಳ್ಳು ಹೇಳಬೇಡಿ. ಅದು ರಿಂಗಾದರೆ ಇಂದ್ರಾಣಿ ಗೆದ್ದಳು, ನನ್ನ ಶೀರ್ಷಿಕೆ ಗೆದ್ದಿತು, ಕಥೆ ಸುಖಾಂತ್ಯ. ರಿಂಗಾಗಬೇಕಾದರೆ ಹತ್ತಿರದ ಯಾವುದೋ ಮನೆಯಲ್ಲಿ ಒಬ್ಬರು ಹೋಗಿರಬೇಕು. ಅವರಿಗೆ ಹೆಸರು ಇಡಬೇಕಾದವನು ನಾನು.

ಮುನಿಸ್ವಾಮಪ್ಪ ಎಂದು ಬರೆದೆ. ಬರೆದ ಕೂಡಲೇ ಆತನಿಗೆ ಹೆಂಡತಿ ಬಂದಳು, ಕೊಟ್ಟಿಗೆಯಲ್ಲಿ ಒಂದು ಹಸು ಬಂತು, ಸಂಜೆ ಡೈರಿಗೆ ಹಾಲು ಹಾಕುವುದಿತ್ತು. ಅಳಿಸಿದೆ. ಸುಮಲತ ಎಂದು ಬರೆಯಲು ಹೋದೆ. ಕೈ ಓಡಲಿಲ್ಲ.

"ಅಕ್ಕಾ, ಫೋನು ಬರಲಿ ಅಂತೀರಾ, ಬೇಡ ಅಂತೀರಾ?"

"ಅದನ್ನ ಕೇಳಬಾರ್ದು ಸಾರ್," ಎಂದಳು. "ಬಂದ್ರೆ ಇವ್ರು ಗಾಡಿ ತೆಗೀತಾರೆ. ಬರ್ಲಿಲ್ಲ ಅಂದ್ರೆ ನಾನು ಒರೆಸಿಡ್ತೀನಿ."

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ನನಗೆ ನಾಚಿಕೆಯಾಯಿತು, ನಿಮ್ಮ ಪರವಾಗಿಯೂ. ಸಾವಿನ ಮನೆಯಿಂದ ಏಳುವಾಗ ಬರುತ್ತೇನೆ ಎನ್ನುವಂತಿಲ್ಲ, ಸುಮ್ಮನೆ ಎದ್ದು ಹೋಗಬೇಕು. ಅಷ್ಟು ಹೊತ್ತು ಯಾರನ್ನು ಸಾಯಿಸಲಿ ಎಂದು ಯೋಚಿಸುತ್ತಿದ್ದ ನಾನು ಹಾಗೆಯೇ ಎದ್ದು ಚಪ್ಪಲಿ ಮೆಟ್ಟಿಕೊಂಡೆ.

"ಏನಪ್ಪಾ," ಒಳಗಿನಿಂದ ಮುನಿನಾರಾಯಣಮ್ಮನ ದನಿ ಬಂತು. "ಬತ್ತೀನಿ ಅಂತ ಒಂದ್ ಮಾತಿಲ್ದೆ ಓಗ್ತಾ ಇದ್ದೀಯಾ? ಈ ಮನೇಲಿ ಯಾರ್ ಸತ್ತವ್ರೆ?"

"ಬರ್ತೀನಿ ಅಜ್ಜೀ," ಎಂದು ಜೋರಾಗಿಯೇ ಹೇಳಿ, ಫೋನು ಬರುವ ಮೊದಲೇ ಬೀದಿಗೆ ಇಳಿದೆ.