ಕಾಲು ಹಚ್ಚಿದ ಎತ್ತು

ಎಲ್ಲಿಂದ ಶುರು ಮಾಡಲಿ? ಮಣ್ಣಿನಿಂದಲೋ, ಮಗುವಿನಿಂದಲೋ? ನನ್ನಿಂದ ಮಾತ್ರ ಬೇಡ ಎಂದು ಮೂರು ಡ್ರಾಫ್ಟ್ ಹರಿದು ಹಾಕಿದ್ದೇನೆ. ಓದುಗರೇ, ಈ ಕಥೆಯಲ್ಲಿ ನಾಚಿಕೆಪಡಬೇಕಾದವನು ನಾನೇ. ಅದಕ್ಕೇ ಈ ಮೀನಮೇಷ.

೧
“ಬೇಕಾಗುವ ಸಾಮಗ್ರಿ: ಕೆರೆಯ ಮಣ್ಣು, ನೀರು, ಕಸಬರಿಗೆ ಕಡ್ಡಿ. ಮೊದಲು ಮಣ್ಣನ್ನು ಚೆನ್ನಾಗಿ ನಾದಿಕೊಳ್ಳಿ...”
(ಇದು ಕಥೆಯಲ್ಲ. ಮಕ್ಕಳ ಕ್ರಾಫ್ಟ್ ಪುಸ್ತಕವೊಂದಕ್ಕೆ ನಾನು ಬರೆದುಕೊಡಬೇಕಾದ ಪಾಠ. ಒಂದು ಫೋಟೊ ನೋಡಿ ಮೆಚ್ಚಿ ನನ್ನನ್ನು ಕೇಳಿದ್ದಾರೆ. ಆ ಫೋಟೊದ್ದೇ ಕಥೆ.)

೩
(ಎರಡನೆಯದು ಡಿಲೀಟ್. ಅದರಲ್ಲಿ ನಾನು ತೀರಾ ಒಳ್ಳೆಯ ಮಾಸ್ತರನಾಗಿಬಿಟ್ಟಿದ್ದೆ.)

ದುಮ್ಮವಾಡದ ಆಚೆ ಒಂದು ಸಣ್ಣ ಶಾಲೆ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಎರಡನೇ ಕ್ಲಾಸಿನ ಮಕ್ಕಳಿಂದ ಎತ್ತು ಮಾಡಿಸಿದೆ. ಮಾಸ್ತರರ ಗ್ರೂಪಿಗೆ ಫೋಟೊ ಹಾಕಬೇಕಿತ್ತು. ಎಲ್ಲರ ಎತ್ತುಗಳೂ ನಿಂತಿದ್ದವು. ಐಶ್ವರ್ಯಳದು ಮಾತ್ರ ಹೊಟ್ಟೆ ಊರಿಕೊಂಡ ಮುದ್ದೆ, ಕಾಲೇ ಇರಲಿಲ್ಲ. ಪಾಪ, ಮಾಡಲು ಬಂದಿಲ್ಲ ಅಂದುಕೊಂಡೆ. ಅವಳು ನೀರು ಕುಡಿಯಲು ಹೋದಾಗ ಎತ್ತಿನ ಹೊಟ್ಟೆಯಿಂದಲೇ ಮಣ್ಣು ಕಿತ್ತು, ಕಡ್ಡಿ ಚುಚ್ಚಿ, ನಾಲ್ಕು ಕಾಲು ಹಚ್ಚಿದೆ. ಬಂದ ಮೇಲೆ ಅವಳ ಕೈಗೆ ಕೊಟ್ಟು ಫೋಟೊ ಹೊಡೆದೆ.

“ಇದು ನಂದಲ್ರಿ ಸರ.”

“ನಿಂದ ಐತಿ. ಕಾಲು ಹಚ್ಚೇನಿ ನೋಡು, ಅಗದಿ ಚಂದ ಆತು.”

“ಅದು ಮಲ್ಕೊಂಡಿತ್ರಿ. ನಾಳಿ ಅಮಾಸಿ ಐತ್ರಿ, ಗಳೆ ಹೂಡಂಗಿಲ್ರಿ. ಅದಕ್ಕ ಮಲಗಿಸಿದ್ನಿರಿ. ನೀವ್ಯಾಕ ಎಬ್ಬಿಸಿದ್ರಿ?”

ನಾನು ಒಕ್ಕಲುತನದ ಮನೆಯಲ್ಲೇ ಹುಟ್ಟಿದವನು. ಅಮಾವಾಸ್ಯೆಯ ದಿನ ನಮ್ಮಪ್ಪ ಲಕ್ಷ್ಮಪ್ಪ ಉಳಲೆಂದು ನೊಗ ಮುಟ್ಟಿದ್ದನ್ನು ಒಮ್ಮೆಯೂ ಕಂಡಿಲ್ಲ. ಏಳು ವರ್ಷದ ಹುಡುಗಿಗೆ ನೆನಪಿದ್ದದ್ದು ನನಗೆ ಮರೆತುಹೋಗಿತ್ತು. ಆದರೂ ಫೋಟೊ ಕಳಿಸಿದೆ. ಕೆಳಗೆ ‘ಐಶ್ವರ್ಯ ಮಾಡಿದ ಎತ್ತು’ ಎಂದೂ ಬರೆದೆ. ಎಂಬತ್ತು ಲೈಕು ಬಂದವು. (ಒಂದೊಂದನ್ನೂ ನೋಡಿದೆ. ಸುಳ್ಳು ಯಾಕೆ ಹೇಳಲಿ?)

೪
ಮುಕ್ತಾಯ, ಒಂದನೇ ಬಗೆ: ಮರುದಿನ ಇಡೀ ಕ್ಲಾಸಿನೆದುರು ಮಾಸ್ತರ ಕೈಮುಗಿದು “ತಪ್ಪಾತವ್ವಾ” ಎಂದ.

“ಸುಳ್ಳ ಬರೀಬ್ಯಾಡ್ರಿ ಸರ,” ಐಶ್ವರ್ಯ ಕಥೆಯೊಳಗಿಂದ ತಲೆ ಹೊರಗೆ ಹಾಕುತ್ತಾಳೆ. “ಮರುದಿನ ನೀವು ಸೂಟಿ ಹಾಕಿದ್ರಿ.”

ಹೌದು, ರಜೆ ಹಾಕಿದ್ದೆ.

ಎರಡನೇ ಬಗೆ: ಅವಳು ದೊಡ್ಡ ಕಲಾವಿದೆಯಾಗಿ ನನ್ನನ್ನು ಸನ್ಮಾನಕ್ಕೆ ಕರೆಯುತ್ತಾಳೆ. (ಥೂ! ಮಾಡಿದ್ದು ಸಾಲದೆಂದು ಶಾಲು ಬೇರೆ ಬೇಕಂತೆ.)

೫
ನಿಜವಾಗಿ ಆದದ್ದು ಇಷ್ಟು. ಮುಂದಿನ ವಾರ ಬಣ್ಣದ ಕಾಗದ ಹಂಚಿದೆ. ಉಳಿದವರು ಹಕ್ಕಿ ಕತ್ತರಿಸಲು ಕುಳಿತರು. ಐಶ್ವರ್ಯ ತನ್ನ ಕಾಗದವನ್ನು ತಂದು ನನ್ನ ಟೇಬಲ್ ಮೇಲಿಟ್ಟಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

“ನೀವ ಮಾಡ್ರಿ ಸರ. ಫೋಟೊ ಹೊಡಿಯೂಮುಂದ ನನ್ನ ಕರೀರಿ.”

ಅಂದಿನಿಂದ ಅವಳು ಏನನ್ನೂ ಮಾಡಿಲ್ಲ. ಪಾಠದ ಕೊನೆಗೆ ಫೋಟೊದಲ್ಲಿರುವ ಮಗುವಿನ ಬಗ್ಗೆ ಒಂದು ಪ್ಯಾರಾ ಬೇಗ ಕಳಿಸಿ ಎಂದು ಪುಸ್ತಕದವರು ಫೋನು ಮಾಡುತ್ತಲೇ ಇದ್ದಾರೆ. ಮಗು ಮತ್ತೆ ಮಣ್ಣು ಮುಟ್ಟಿತು, ನಕ್ಕಿತು ಎಂದು ಎರಡು ಸಾಲು ಗೀಚಲು ನನಗೆ ಎಷ್ಟು ಹೊತ್ತು? ಆದರೆ ಅದನ್ನು ಮಾಡಬೇಕಾದವಳು ಅವಳು. ನಾನು ಕೈ ಹಾಕುವುದಿಲ್ಲ. ಅವಳು ಈಗ ಹೊರಗೆ ಅಂಗಳದಲ್ಲೇ ಆಡುತ್ತಿದ್ದಾಳೆ, ಮತ್ತು ಅವಳನ್ನು ಕರೆಯಲು ನನಗೆ ಮುಖವಿಲ್ಲ.